ಅವಳಿಗೆ ಶೂ, ನಮಗೆ ಬರಿಗಾಲು

ಆ ಹೊಲಿಗೆ ಕಾರ್ಖಾನೆಯ ಬಾಗಿಲಲ್ಲಿ ಹೆಂಗಸರೆಲ್ಲ ಚಪ್ಪಲಿ ಬಿಡಬೇಕು. ಬಿಳಿ ಬಟ್ಟೆಗೆ ಧೂಳು ತಾಗಬಾರದಂತೆ. ಬಟ್ಟೆಗಿರುವ ಮರ್ಯಾದೆ ಅದನ್ನು ಹೊಲಿಯುವವರ ಕಾಲಿಗಿಲ್ಲ. ಸೂಪರ್‌ವೈಸರ್ ಬೂಟು ಹಾಕಿಕೊಂಡೇ ಓಡಾಡುತ್ತಾನೆ. ಅದು ಯಾರ ಕಣ್ಣನ್ನೂ ಕುಕ್ಕುವುದಿಲ್ಲ. ಕುಕ್ಕುತ್ತಿದ್ದುದು ಕಾಜಕ್ಕನ ಶೂ.

ಅಂಗಿಯ ಗುಂಡಿ ತೂರುವ ತೂತಿಗೆ ಕಾಜಾ ಹೊಲಿಯುವವಳು ಕಾಜಕ್ಕ. ಪಕ್ಕದ ಮಿಷನ್ನಿನಲ್ಲಿ ಕಾಲರ್ ಕೂರಿಸುವವಳು ಕಾಲರಕ್ಕ. ಕಾಜಕ್ಕ ಮೆತ್ತನೆಯ ಕಪ್ಪು ಶೂ ಹಾಕಿಕೊಂಡು ಒಳಗೆ ಬಂದರೆ ಸಾಕು, ಕಾಲರಕ್ಕನ ಹೊಟ್ಟೆಯೊಳಗೆ ಕೆಂಡ ಬಿದ್ದಂತಾಗುತ್ತಿತ್ತು. ಊಟದ ಬಿಡುವಿನಲ್ಲಿ ಕಾಜಕ್ಕ ಗೋಡೆ ಕಡೆ ತಿರುಗಿ ಕೂತು, ಶೂ ಬಿಚ್ಚಿ, ಅಂಗಾಲಿನ ಕೆಳಗೆ ಕೈಗನ್ನಡಿ ಹಿಡಿದರಂತೂ ಇವಳಿಗೆ ಅನ್ನ ಇಳಿಯುತ್ತಿರಲಿಲ್ಲ.

"ಕನ್ನಡೀಲಿ ಮುಖ ನೋಡ್ಕೊಳ್ಳೋರನ್ನ ಕಂಡಿದ್ದೀನಿ. ಅಂಗಾಲು ನೋಡ್ಕೊಳ್ಳೋ ಮಹಾರಾಣೀನ ಇಲ್ಲೇ ಕಂಡಿದ್ದು!" ಎಂದಳು ಕಾಲರಕ್ಕ.

"ಸಕ್ಕರೆ ಕಾಯಿಲೆಯಂತೆ ಕಣೇ. ಡಾಕ್ಟರ ಚೀಟಿ ತೋರಿಸಿ ಶೂಗೆ ಒಪ್ಪಿಸಿದಾಳಂತೆ," ಎಂದಳು ಗುಂಡಿ ಹಚ್ಚುವವಳು.

"ಸಕ್ಕರೆ ಇರೋದು ರಕ್ತದಲ್ಲಿ. ಕಾಲಿಗ್ಯಾಕೆ ಈ ವೈಭೋಗ?"

ಹಾಗೆಂದ ಕಾಲರಕ್ಕನಿಗೂ ಸಕ್ಕರೆ ಕಾಯಿಲೆ ಇತ್ತು. ಹೇಳಿದರೆ ಕೆಲಸ ಹೋದೀತೆಂದು ತುಟಿ ಹೊಲಿದುಕೊಂಡಿದ್ದಳು.

ಮನೆಯಲ್ಲೂ ಅದೇ ಗೋಳು. "ಶೂ ಹಾಕಿರೋದು ಅವಳು, ಕಚ್ತಿರೋದು ನಿನಗೆ!" ಎಂದು ಗಂಡ ನಕ್ಕ. ಆ ನಗುವಿಗೆ ಉರಿ ಇಮ್ಮಡಿಯಾಯಿತು. ಬೆಳಗಾದೊಡನೆ ಸೂಪರ್‌ವೈಸರ್ ಮುಂದೆ ಹೋಗಿ ನಿಂತಳು.

"ಸಾರ್, ರೂಲ್ಸು ಅಂದ್ರೆ ಎಲ್ಲರಿಗೂ ಒಂದೇ ಅಲ್ವಾ? ಕಾಜಕ್ಕನ ಶೂನೂ ಬಿಚ್ಚಿಸಿ."

ಅವನಿಗೆ ಅಷ್ಟೇ ಬೇಕಿತ್ತು. "ನಾಳೆಯಿಂದ ನೀನೂ ಬರಿಗಾಲು. ಜನ ಮಾತಾಡ್ತಿದ್ದಾರೆ," ಎಂದು ಕಾಜಕ್ಕನಿಗೆ ಹೇಳಿ ಹೋದ.

ಊಟದ ಬಿಡುವಿನಲ್ಲಿ ಕಾಜಕ್ಕ ಎದುರಿಗೆ ಬಂದು ನಿಂತಳು. "ಆ ಜನ ನೀನೇನಾ?"

"ಹೂಂ, ನಾನೇ! ನಮ್ಮದೇನು ಕಾಲಲ್ವಾ? ಇಸ್ತ್ರಿ ಮೇಜಿನ ಹತ್ರ ಚೆಲ್ಲಿದ ಬಿಸಿನೀರು ತುಳಿದೆ, ಉರೀಲೇ ಇಲ್ಲ. ಸೂಜಿ ಚುಚ್ಚಿದ್ರೂ ಗೊತ್ತಾಗಲ್ಲ. ಉಕ್ಕು ಕಣೇ ನನ್ನ ಕಾಲು, ಉಕ್ಕು!"

ಕಾಜಕ್ಕನ ಸಿಟ್ಟು ಅಲ್ಲೇ ಇಳಿಯಿತು. ಹತ್ತಿರ ಕೂತು ದನಿ ತಗ್ಗಿಸಿದಳು. "ಗೊತ್ತೇ ಆಗಲ್ವಾ? ನಿನಗೂ ಸಕ್ಕರೆ ಇದೆಯಾ?"

ಕಾಲರಕ್ಕ ಅತ್ತಿತ್ತ ನೋಡಿದಳು. ಮೆಲ್ಲಗೆ ತಲೆಯಾಡಿಸಿದಳು.

"ಕೊಡು ಕಾಲು."

ಕನ್ನಡಿಯಲ್ಲಿ ಕಂಡಿತು. ಹೆಬ್ಬೆರಳಿನ ಬುಡದಲ್ಲಿ ಮುರಿದ ಮಿಷನ್ ಸೂಜಿಯ ತುದಿ. ಸುತ್ತಲೂ ಊದಿ ಕೀವು ಕಟ್ಟಿತ್ತು.

"ನೋವೇ ಇಲ್ವಲ್ಲೇ..." ಎಂದು ಕಾಲರಕ್ಕ ಕನ್ನಡಿಗೆ ಬಗ್ಗಿದಳು.

"ನೋವಿಲ್ಲ ಅನ್ನೋದೇ ಅಪಾಯ ಕಣೇ. ಸಕ್ಕರೆ ಏರ್ತಾ ಏರ್ತಾ ಕಾಲಿನ ನರ ಮರಗಟ್ಟುತ್ತೆ. ಅದು ಕೂಗಿ ಹೇಳಲ್ಲ. ಅದಕ್ಕೇ ದಿನಾ ನಾವೇ ನೋಡ್ಕೋಬೇಕು." ಕಾಜಕ್ಕ ತನ್ನ ಕಾಲುಚೀಲ ಜಾರಿಸಿದಳು. ಕಿರುಬೆರಳಿರಬೇಕಾದ ಜಾಗ ಬೋಳಾಗಿತ್ತು. "ಶೂ ಕಂಡು ಹೊಟ್ಟೆ ಉರ್ಕೊಂಡೆಯಲ್ಲ, ಬೆರಳು ಕೊಟ್ಟು ತಗೊಂಡ ಶೂ ಇದು."

ಕಾಲರಕ್ಕ ಸೂಜಿ ಕೀಳಲು ಕೈ ಹಾಕಿದಳು. ಕಾಜಕ್ಕ ಆ ಕೈಗೊಂದು ಏಟು ಕೊಟ್ಟಳು. "ಕೀಳಬೇಡ, ಒಳಗೇ ಮುರಿದೀತು! ಶುಭ್ರ ಬಟ್ಟೆ ಮುಚ್ಚಿ ಆಸ್ಪತ್ರೆಗೆ ನಡಿ."

"ಸಾಯಂಕಾಲ..."

"ಈಗ!"

ಡಾಕ್ಟರು ಸೂಜಿ ತೆಗೆದು, ಗಾಯ ಶುಚಿಮಾಡಿ, ಔಷಧಿ ಕೊಟ್ಟರು. ಇನ್ನೂ ತಡವಾಗಿದ್ದರೆ ಬೆರಳು ಉಳಿಯುವುದು ಕಷ್ಟವಿತ್ತು ಎಂದರು. ಸುದ್ದಿ ತಿಳಿದು ಓಡಿಬಂದ ಗಂಡ ನರ್ಸಮ್ಮನನ್ನು ಕೇಳಿದ: "ಗಾಯ ವಾಸಿಯಾದ ಮೇಲೆ ದಿನಾ ಸುಡುನೀರಲ್ಲಿ ಕಾಲು ನೆನೆಸಿದ್ರೆ ಒಳ್ಳೇದಲ್ವಾ?"

"ಅದು ಕಾಲು ಸ್ವಾಮಿ, ಗೆಣಸಲ್ಲ! ಉಗುರುಬೆಚ್ಚಗಿನ ನೀರು ಸಾಕು. ಬಿಸಿ ಎಷ್ಟಿದೆ ಅಂತ ನೀವು ಕೈಯಿಟ್ಟು ನೋಡಿ, ಇವರ ಕಾಲನ್ನ ನಂಬಬೇಡಿ. ತೊಳೆದ ಮೇಲೆ ಬೆರಳ ಸಂದಿಯೆಲ್ಲ ಒರೆಸಬೇಕು. ಒಣಗಿದ ಅಂಗಾಲಿಗೆ ಎಣ್ಣೆ ಹಚ್ಚಿ, ಸಂದಿಗೆ ಬೇಡ. ಉಗುರು ನೇರಕ್ಕೆ ಕತ್ತರಿಸಿ. ಅಂಗಾಲಲ್ಲಿ ಚರ್ಮ ಗಟ್ಟಿಯಾಗಿ ಆಣಿ ಎದ್ದರೆ ಬ್ಲೇಡು ಮುಟ್ಟಬೇಡಿ, ಇಲ್ಲಿಗೆ ಬನ್ನಿ. ಮನೆಯೊಳಗೂ ಚಪ್ಪಲಿ ಇರಲಿ. ಶೂ ಹಾಕೋ ಮುಂಚೆ ಕೊಡವಿ, ಒಳಗೆ ಕೈಯಾಡಿಸಿ. ಮಾತ್ರೆ ಮಾತ್ರ ತಪ್ಪಿಸಬೇಡಿ."

"ಇಷ್ಟೆಲ್ಲ ನಿನಗೆ ನೆನಪಿರುತ್ತೇನೇ?" ಎಂದ ಗಂಡ.

"ಅವಳಿಗಿರುತ್ತೆ, ನನಗಿರಲ್ವಾ?" ಎಂದಳು ಕಾಲರಕ್ಕ. ಹೊಟ್ಟೆಕಿಚ್ಚು ಒಂದೇ ದಿನಕ್ಕೆ ಆರುವಂಥದ್ದೇ?

ಮರುದಿನ ಕಾಲಿಗೆ ವಿಶ್ರಾಂತಿ ಬೇಕೆಂದು ರಜೆ ಹಾಕಿದ್ದರೂ ಅವಳು ಗಂಡನ ಭುಜ ಹಿಡಿದು ಕಾರ್ಖಾನೆಯ ಬಾಗಿಲಿಗೆ ಬಂದಳು. ಅಲ್ಲಿ ಶೂ ಬಿಚ್ಚಲಾರೆನೆಂದು ಕಾಜಕ್ಕ ನಿಂತಿದ್ದಳು. ಒಳಗೆ ಬಿಡಲಾರೆನೆಂದು ಸೂಪರ್‌ವೈಸರ್.

"ಸಾರ್, ಅವಳ ಶೂ ಬಿಚ್ಚಿಸಿ ಅಂದವಳು ನಾನೇ. ಅದು ತಪ್ಪು. ನನಗೂ ಸಕ್ಕರೆ ಇದೆ. ನನಗೂ ಶೂ ಬೇಕು."

"ಹೀಗೇ ಎಲ್ಲರೂ ಕೇಳಿದ್ರೆ?"

"ಕೇಳ್ತೀವಿ," ಎಂದು ಗುಂಡಿ ಹಚ್ಚುವವಳು ಮುಂದೆ ಬಂದಳು. "ಒಳಗೆ ಹಾಕೋಕೆ ಅಂತಲೇ ಬೇರೆ ಜೋಡಿ ಇಲ್ಲೇ ಇಡ್ತೀವಿ. ನೆಲದ ತುಂಬ ಸೂಜಿ ಬಿದ್ದಿರುತ್ತೆ, ಯಾರ ಕಾಲಾದರೇನು?" ಅವಳ ಹಿಂದೆ ಇಡೀ ಸಾಲು ನಿಂತಿತು. ಮಿಷನ್ನುಗಳು ಶುರುವಾಗಲಿಲ್ಲ. ಸೂಪರ್‌ವೈಸರ್ ಬಾಗಿಲು ಬಿಟ್ಟು ಸರಿದ.

ಅಕ್ಕಂದಿರೇ, ಅಣ್ಣಂದಿರೇ, ಹೊಟ್ಟೆಕಿಚ್ಚು ಪಡಬೇಡಿ ಎಂದು ನಾವು ಉಪದೇಶ ಮಾಡುವುದಿಲ್ಲ. ಸಕ್ಕರೆ ಕಾಯಿಲೆಯಿದ್ದರೆ ಈ ಹೊತ್ತೇ ಅಂಗಾಲು ತಿರುಗಿಸಿ ನೋಡಿ. ಕಣ್ಣು ಮಂಜಾಗಿದ್ದರೆ ಮನೆಯವರಿಗೆ ತೋರಿಸಿ. ಗುಳ್ಳೆ, ಬಿರುಕು, ಬಣ್ಣ ಬದಲಾದ ಚರ್ಮ ಯಾವುದೇ ಇರಲಿ, ನೋವಿಲ್ಲವೆಂದು ಕೂರದೆ ಆಸ್ಪತ್ರೆಗೆ ಹೋಗಿ. ಏನೂ ಕಾಣದಿದ್ದರೂ ವರ್ಷಕ್ಕೊಮ್ಮೆ ಪಾದ ಪರೀಕ್ಷೆ ಮಾಡಿಸಿ. ಪಕ್ಕದವಳ ಶೂ ಬಿಚ್ಚಿಸಲು ಹೋಗಬೇಡಿ. ನಿಮ್ಮ ಕಾಲಿಗೂ ಒಂದು ಜೊತೆ ಶೂ ಕೇಳಿ, ಗಟ್ಟಿಯಾಗಿ ಕೇಳಿ.