ಕರಿ ಬಟ್ಟೆಯೊಳಗಿನ ಕರು

ನಮ್ಮ ಮದುವೆಯಲ್ಲಿ ತೆಗೆಸಿದ್ದು ಒಂದೇ ಫೋಟೋ. ಅದರಲ್ಲಿ ನಾನು ರುಮಾಲು ಸುತ್ತಿಕೊಂಡು ಕಂಬದಂತೆ ನಿಂತಿದ್ದೇನೆ. ಪಕ್ಕದಲ್ಲಿ ಸೀರೆ ಇದೆ, ಮುಖ ಇರಬೇಕಾದಲ್ಲಿ ಬರೀ ಹೊಗೆ. ಅಲುಗಬೇಡಿ ಎಂದು ನಿಪ್ಪಾಣಿಯ ಫೋಟೋದವನು ಮೂರು ಸಲ ಹೇಳಿದರೂ ಕೆಂಚವ್ವ ನಕ್ಕು ಅಲುಗಿದಳು. "ಹೊಸ ಸೊಸಿ ಫೋಟೋ ಕೆಡಿಸಿದಳು" ಎಂದು ನಮ್ಮವ್ವ ಸಾಯುವ ತನಕ ಅಂದಳು. ಅಂದಿನಿಂದ ಐವತ್ತು ವರ್ಷ, ಕ್ಯಾಮೆರಾ ಕಂಡರೆ ಕೆಂಚವ್ವ ತುಟಿ ಹೊಲಿದುಕೊಳ್ಳುತ್ತಾಳೆ. ರೇಷನ್ ಕಾರ್ಡು, ಓಟಿನ ಕಾರ್ಡು, ಮಗನ ಮದುವೆ, ಎಲ್ಲದರಲ್ಲೂ ಯಾರೋ ಅವಳ ಎಮ್ಮೆ ಹೊಡೆದುಕೊಂಡು ಹೋದಂಥ ಮುಖ.

ಅವಳು ನಕ್ಕ ಫೋಟೋ ಒಂದಾದರೂ ಬೇಕು ಎಂಬುದು ನನ್ನ ಆಸೆ. ಅದಕ್ಕೊಂದು ಕಾರಣವಿತ್ತು, ಯಾರ ಮುಂದೂ ಆಡಿರಲಿಲ್ಲ.

ಎರಡು ಸಾವಿರದ ಒಂಬತ್ತರ ದೀಪಾವಳಿಗೆ ಚಿಕ್ಕೋಡಿಯಲ್ಲಿ ಸಾಲಿ ಕಲಿಸುವ ಮೊಮ್ಮಗಳು ಸೀಮಾ ನಮ್ಮೂರು ಸದಲಗಾಕ್ಕೆ ಬಂದಳು. ಸೋಪಿನ ಡಬ್ಬಿಯಷ್ಟು ಕ್ಯಾಮೆರಾ ತಂದಿದ್ದಳು.

"ನಮ್ಮ ಸಾಲಿ ದೊಡ್ಡ ಬಾಯೋರದು ಅಜ್ಜಾ. ಇವತ್ತ ಸಂಜಿ ಬಸ್ಸಿಗೆ ಒಯ್ದು ಕೊಡಬೇಕ."

ನನಗೂ ಕಲಿಸಿದಳು. ಗುಂಡಿಯನ್ನು ಒಮ್ಮೆಲೇ ಒತ್ತಿದೆ, ಎಲ್ಲ ಮಸುಕು.

"ಹಂಗಲ್ಲಜ್ಜಾ. ಮೊದಲ ಅರ್ಧಾ ಒತ್ತಿ ಹಿಡಿ. ಹಸರ ಚೌಕ ಬಂದಮ್ಯಾಲ ಪೂರಾ ಒತ್ತ."

"ಎಮ್ಮಿ ಹಿಂಡಿದಂಗ ಅನ್ನ! ಮೊದಲ ಹಗೂರಕ ಮೊಲಿ ಹಿಡಿಬೇಕ, ಅದು ಹಾಲ ಇಳಿಸಿದಮ್ಯಾಲ ಹಿಂಡಬೇಕ."

"ಬಾಯೋರಿಗೂ ಹಿಂಗ ಹೇಳತೇನಿ ತಡಿ!" ಎಂದು ಸೀಮಾ ಹೊಟ್ಟೆ ಹಿಡಿದುಕೊಂಡಳು.

ಹಾಗೇ ಹಿಂಡಿದೆ. ಬೇವಿನ ಎಲೆ ಎಲೆಯೂ ಸ್ವಚ್ಛ ಬಂತು. ಅದರ ಕೆಳಗೆ ಹೊರಸಿನ ಮೇಲೆ ಕೂತ ಕೆಂಚವ್ವ ಮಾತ್ರ ತುಟಿ ಹೊಲಿದುಕೊಂಡು, ಕಣ್ಣೂ ಮುಚ್ಚಿದ್ದಳು. ಫ್ಲ್ಯಾಶ್ ಹೊಡೆದಿತ್ತು. "ಮಾರಿ ಮ್ಯಾಲ ಸಿಡ್ಲ ಹೊಡಸ್ತೀರಿ!" ಎಂದು ಬೈದಳು. ಸೀಮಾ ಅದನ್ನು ಬಂದ್ ಮಾಡಿದಳು.

ಆಮೇಲೆ ಕ್ಯಾಮೆರಾವನ್ನು ಬೋರಲು ಹಾಕಿದ ಕೊಡದ ಮೇಲಿಟ್ಟು, ಹತ್ತು ಎಣಿಸಿ ತಾನೇ ತೆಗೆಯುವಂತೆ ಮಾಡಿ, ನಮ್ಮ ಕಡೆ ಓಡಿ ಬಂದಳು. ಡಬ್ಬಿ ಪೀ ಪೀ ಅನ್ನುತ್ತಿತ್ತು. ಕೆಂಚವ್ವ ಧಡಕ್ಕನೆ ಎದ್ದಳು.

"ಯಾಕ ಓಡಾಕತ್ತಿ ಬೇ? ಹಾವ ಬಂತೇನ?"

ಫೋಟೋದಲ್ಲಿ ಖಾಲಿ ಹೊರಸು, ಬಾಯಿ ತೆರೆದ ನಾನು, ಓಡುತ್ತಿರುವ ಕೆಂಚವ್ವನ ಸೀರೆಯ ಅಂಚು.

ಅಷ್ಟರಲ್ಲಿ ಬ್ಯಾಟರಿಯ ಗುರುತು ಕೆಂಪಾಯಿತು. ಕರೆಂಟು ರಾತ್ರಿಗೇ ಬರುವುದು.

"ಎರಡ ಫೋಟೋ ಆದರ ನಸೀಬ," ಅಂದಳು ಸೀಮಾ. "ಇದರಾಗ ನಗಿ ಹುಡುಕೂದ ಐತಿ ಅಜ್ಜಾ. ಮಂದಿ ನಕ್ಕಾಗ ತಾನ ತಗೀತೈತಿ. ಯಾರೂ ಒತ್ತೂದ ಬ್ಯಾಡ."

ಕೂತೆವು. ಕೆಂಚವ್ವ ಕಲ್ಲು. ನಾನೂ ಉಸಿರು ಬಿಗಿ ಹಿಡಿದೆ. ಟಿಕ್! ಓಡಿ ಹೋಗಿ ನೋಡಿದರೆ, ನಮ್ಮ ಬೆನ್ನ ಹಿಂದಿನ ಗೋಡೆಯ ಮೇಲೆ ಗದ್ದ ಊರಿ ನಿಂತ ಮಗ್ಗುಲ ಮನೆಯ ಜಿನ್ನಪ್ಪನ ಮೂವತ್ತೆರಡೂ ಹಲ್ಲು.

"ಏಟ ಚಂದ ಬಂದೇನಿ ಕಾಕಾ!"

"ಬಾಯಿ ಮುಚ್ಚ ಮಾರಾಯಾ, ಇರೂದ ಒಂದ ಉಳದೈತಿ!"

ಜಿನ್ನಪ್ಪ ಟೊಪ್ಪಿಗೆ ತೆಗೆದು ಬಾಯಿಗೆ ಒತ್ತಿಕೊಂಡ. ಸೀಮಾ ಬೇಡಿಕೊಂಡಳು.

"ಆಯಿ, ಒಂದ ಸಲ ನಗ."

"ನಾ ನಕ್ಕರ ಫೋಟೋ ಕೆಡತೈತಿ. ಅತ್ತಿ ಹೇಳ್ಯಾಳ."

"ಕೆಟ್ಟರ ಅಳಸಿದರಾತು."

"ಐವತ್ತ ವರ್ಷದ್ದ ಅಳಸತೈತೇನ ನಿನ್ನ ಡಬ್ಬಿ?"

ಅಂದವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಕೆಂಪು ಗುರುತು ಮಿಣುಕತೊಡಗಿತ್ತು.

"ಸೀಮಾ, ಜಿನ್ನಪ್ಪಾ, ಕೇಳ್ರಿ," ಅಂದೆ. "ಆ ಫೋಟೋ ಆಕಿ ಕೆಡಿಸಿಲ್ಲ. ನಾ ಕೆಡಿಸೇನಿ. ಫೋಟೋದಾಂವ ಕರಿ ಬಟ್ಟಿಯೊಳಗ ತಲಿ ಹಾಕಿದ್ದ. ನಾ ಆಕಿ ಕಿವ್ಯಾಗ ಅಂದೆ, ನೋಡ, ಕರು ಮೊಲಿಗೆ ಬಾಯಿ ಹಾಕೇತಿ, ಬಾಲ ಅಲಗಿಸೂದೊಂದ ಬಾಕಿ ಐತಿ ಅಂತ. ಆಕಿ ನಕ್ಕಳು. ಅವ್ವ ಆಕಿಗೆ ಬೈದಳು. ನಾ ಅಂಜಿ ಸುಮ್ಮನಾದೆ. ಅವ್ವ ಹೋದಮ್ಯಾಲೂ ಸುಮ್ಮನ ಇದ್ದೆ."

ಕೆಂಚವ್ವನ ಸೆರಗು ನಡುಗಿತು. ಅಳುತ್ತಾಳೆ ಅಂದುಕೊಂಡೆ.

"ಬಾಲ..." ಅಂದಳು. "ಬಾಲಾನೂ ಇತ್ತರಿ! ಅವನ ಧೋತರದ ಚುಂಗ ಹಿಂದ ಜೋತಾಡತಿತ್ತು! ನೀವು ಬಾಲ ಅನ್ನೂದಕ್ಕೂ ಅದು ಅಲಗೂದಕ್ಕೂ..."

ಮುಂದೆ ಮಾತು ಬರಲಿಲ್ಲ. ಸೆರಗು ಮುಚ್ಚಿಕೊಳ್ಳುವುದನ್ನೂ ಮರೆತು ಬಾಯಿ ತುಂಬ ನಕ್ಕಳು. ಕೂತಲ್ಲಿಂದಲೇ ನನ್ನ ತೊಡೆಯನ್ನು ಎಷ್ಟು ಜೋರಾಗಿ ಚಿವುಟಿದಳೆಂದರೆ ನಾನು ಹೊರಸಿನಿಂದ ಗೇಣುದ್ದ ಹಾರಿದೆ. ಟಿಕ್ ಅಂದ ಕ್ಯಾಮೆರಾ ಅಲ್ಲೇ ಕಣ್ಣು ಮುಚ್ಚಿತು.

ಎಂಟು ದಿನಕ್ಕೆ ಸೀಮಾ ಪ್ರಿಂಟು ತಂದಳು. ತಂಬಾಕಿನ ಮಿಶ್ರಿ ಹಚ್ಚಿ ಕಪ್ಪಾದ ಕೆಂಚವ್ವನ ಹಲ್ಲು ಒಂದೊಂದೂ ಎಣಿಸುವಂತಿವೆ. ಪಕ್ಕದಲ್ಲಿ ನನ್ನ ಅಂಗಿ ಇದೆ, ಅದರ ಮೇಲೆ ಮುಖ ಇರಬೇಕಾದಲ್ಲಿ ಹೊಗೆ.

ಕೆಂಚವ್ವ ಅದನ್ನು ಮದುವೆಯ ಫೋಟೋದ ಕೆಳಗೇ ಮೊಳೆ ಹೊಡೆಸಿ ಹಾಕಿದ್ದಾಳೆ. ಚಹಾಕ್ಕೆ ಯಾರೇ ಬಂದರೂ ಮೊದಲು ಅಲ್ಲಿಗೆ ಕರೆದೊಯ್ಯುತ್ತಾಳೆ.

"ನೋಡ್ರಿ, ಈ ಸಲ ಯಾರ ಕೆಡಿಸ್ಯಾರ!"