ಮಂಗಳವಾರದ ಅಕ್ಕ

ಇಸ್ತ್ರಿಪೆಟ್ಟಿಗೆ ಬುಸ್ಸೆಂದು ಆವಿ ಬಿಟ್ಟಿತು, ಒದ್ದೆ ಹತ್ತಿಯ ವಾಸನೆ ಮೇಜಿನ ತನಕ ಬಂತು, ಟೈಲರಮ್ಮ ಇವತ್ತೂ ನೀರು ಜಾಸ್ತಿ ಚಿಮುಕಿಸಿದಳು ಎಂದುಕೊಂಡಳು ಅವಳು, ಹೇಳಲು ತಿರುಗಲಿಲ್ಲ, ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದು ಹಸಿರು ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ತುಂಬಿ ನಿಂತಿತ್ತು — ಬೇರೆಲ್ಲ ಪಟ್ಟಿಗಳು ಗೇಣುದ್ದ, ಚೋಟುದ್ದ, ಇದೊಂದೇ ಇಷ್ಟು ಉದ್ದ, ಅಂದರೆ ಯಾರೋ ಒಬ್ಬ ತಾಯಿ ಅಂಗಡಿಯಿಂದ ಹೋದ ಮೇಲ್‌ಗಳನ್ನು ಒಂದೂ ಬಿಡದೆ ತೆರೆದಿದ್ದಾಳೆ, ಒಂದೊಂದನ್ನೂ ಹತ್ತಾರು ಸಲ, ಪುಣ್ಯಾತ್ಗಿತ್ತಿ, ಯಾರಿರಬಹುದು, ಮೊನ್ನೆ ಕುಲಾವಿ ವಾಪಸು ತಂದುಕೊಟ್ಟು ಜಗಳ ಆಡಿದವಳಂತೂ ಅಲ್ಲ. ಅವಳದು ಕೂಸುಗಳ ಬಟ್ಟೆಯ ಇಷ್ಟಗಲದ ಅಂಗಡಿ, ಹಿಂದೆ ಹೊಲಿಗೆ ಯಂತ್ರ, ಮುಂದೆ ಗಾಜಿನ ಕಪಾಟು, ಅವಳೂ ಟೈಲರಮ್ಮನೂ ಬಿಟ್ಟರೆ ಮೂರನೆಯವರು ನಿಂತರೆ ಮೊಣಕೈ ತಾಗುತ್ತದೆ, ಇಂಥದ್ದಕ್ಕೆ ಇಮೇಲ್ ಯಾಕೆ ಬೇಕಿತ್ತು ಎಂದು ನಕ್ಕವರೇ ಎಲ್ಲರೂ, ಆದರೂ ಹೋಗಿದ್ದಳು ಆ ತರಗತಿಗೆ, ಸಣ್ಣ ವ್ಯಾಪಾರದವರಿಗೆ ಹೇಳಿಕೊಡುತ್ತಾರಂತೆ ಎಂದು, ಬೆರಳಿಗೆ ಸೂಜಿ ಚುಚ್ಚದ ಹಾಗೆ ಹಾಕುವ ಟೊಪ್ಪಿ ಹಾಕಿಕೊಂಡೇ ಹೋಗಿ ಕೂತಿದ್ದಳು, ಮೇಡಂ ಒಳ್ಳೆಯವರು, ಬೈಯುತ್ತಲೇ ಕಲಿಸಿದರು — ಆರಂಭಶೂರರಾಗಬೇಡಿ, ಒಂದು ವಾರ ನಾಲ್ಕು ಕಳಿಸಿ ಆಮೇಲೆ ನಾಪತ್ತೆ ಆಗೋದಲ್ಲ, ವಾರಕ್ಕೆ ಒಂದೇ ಸಾಕು, ಅದೇ ದಿನ, ಅದೇ ಹೊತ್ತು, ಓದೋರು ಆ ಹೊತ್ತಿಗೆ ಕಾದು ಕೂತಿರಬೇಕು. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ. ವ್ಯಾಪಾರ ತಣ್ಣಗಿದ್ದ ತಿಂಗಳಲ್ಲಿ ಕೂತು ಒಂದೇ ಸಲಕ್ಕೆ ಅಷ್ಟನ್ನೂ ಬರೆದಿಟ್ಟಳು, ಬಸುರಿನ ಕೊನೆಯ ತಿಂಗಳುಗಳಿಂದ ಕೂಸಿಗೆ ವರ್ಷ ತುಂಬುವವರೆಗೆ, ತಾಯಿ ಹೆರಿಗೆಯ ತಾರೀಕು ಕೊಟ್ಟರೆ ಸಾಕು, ಮಿಕ್ಕ ಲೆಕ್ಕ ಯಂತ್ರದ್ದು, ನೀವು ಹಾಸಿಗೆ ಹಿಡಿದರೂ ಅದು ಹೋಗ್ತಾನೇ ಇರುತ್ತೆ ಎಂದಿದ್ದರು ಮೇಡಂ, ಆಗ ಅದೆಂಥ ನೆಮ್ಮದಿಯ ಮಾತು ಅನ್ನಿಸಿತ್ತು.

ಪಟ್ಟಿಯ ಮೇಲೆ ಒತ್ತಿದಳು. ವಿಳಾಸ ಬಂತು. ತಂಗಿಯದು. ಇಲ್ಲ, ಹೇಗೆ ಸಾಧ್ಯ, ತಂಗಿ ಗಿರಾಕಿಗಳ ಪಟ್ಟಿಯಲ್ಲೇ ಇಲ್ಲ, ಇಲ್ಲವೇ ಇಲ್ಲ — ಮೇಲೆ ಗುಂಪಿನ ಹೆಸರು ಇತ್ತು, ಪರೀಕ್ಷೆ, ಅವಳೇ ಕೊಟ್ಟ ಹೆಸರು. ಮೊದಲು ಮನೆಯವರೊಬ್ಬರಿಗೆ ಕಳಿಸಿ ನೋಡಿ, ಸರಿಯಾಗಿ ಹೋಗುತ್ತಾ ಅಂತ ಗೊತ್ತಾಗುತ್ತೆ, ಎಂದಿದ್ದರು ಮೇಡಂ, ಮನೆಯಲ್ಲಿ ಬಸುರಿಯಾಗಿದ್ದವಳು ತಂಗಿಯೇ ತಾನೇ, ಸೋಫಾದ ಮೇಲೆ ಕಾಲು ಚಾಚಿ ಕೂತವಳು ತನ್ನ ವಿಳಾಸ, ತಾರೀಕು ತಾನೇ ಒತ್ತಿ ಕೊಟ್ಟಳು, ಕೂಸಿನ ಹೆಸರು ಎಂದಲ್ಲಿ ಏನು ಹಾಕಲಿ ಅಂದರೆ ಬಟಾಣಿ ಅಂತ ಹಾಕು ಅಕ್ಕ, ಸ್ಕ್ಯಾನ್‌ನಲ್ಲಿ ಬಟಾಣಿ ಕಾಳಿನಷ್ಟೇ ಇತ್ತಲ್ಲ, ಈಗ ನೋಡು ಒದೆಯೋದು, ಬಟಾಣಿಯಂತೆ ಬಟಾಣಿ, ಕುಂಬಳಕಾಯಿ — ಇಬ್ಬರೂ ನಕ್ಕಿದ್ದರು, ತಂಗಿ ನಗುವಾಗ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು, ಚೆಲ್ಲಿಹೋದೀತು ಅನ್ನುವ ಹಾಗೆ. ಬರೆಯುವಾಗ ಒಬ್ಬರ ಮುಖ ಕಣ್ಮುಂದೆ ಇಟ್ಕೊಳ್ಳಿ, ಆ ಒಬ್ಬರಿಗೇ ಬರೀರಿ, ಅಂಗಡಿ ಹೆಸರಲ್ಲಿ ಬಂದರೆ ಯಾರು ತೆಗೀತಾರೆ, ಅದೂ ಮೇಡಂ ಹೇಳಿದ್ದೇ. ಇನ್ಯಾರ ಮುಖ ಇಟ್ಟುಕೊಳ್ಳುತ್ತಾಳೆ, ತಂಗಿಯದನ್ನೇ ಇಟ್ಟುಕೊಂಡು ಬರೆದಳು, ಗಿರಾಕಿಗಳಿಗೆಲ್ಲ ನೀನು ನಿನ್ನ ಎಂದೇ ಬರೆದಳು, ಕೊನೆಗೆ ಇಂತಿ, ಅಕ್ಕ. ಟೈಲರಮ್ಮ ಚುಡಾಯಿಸಿದ್ದಳು — ಊರಿಗೆಲ್ಲ ಅಕ್ಕ ಆದ್ರೆ ನಾಳೆ ಹೆರಿಗೆಗೂ ನಿಮ್ಮನ್ನೇ ಕರೀತಾರೆ ನೋಡಿ.

ಹೆರಿಗೆಗೆ ಹೋಗಿದ್ದಳು, ಆಸ್ಪತ್ರೆಯ ಆ ಉದ್ದ ಬೆಂಚಿನ ಮೇಲೆ ಕೂತಿದ್ದಳು, ಕೈಚೀಲದಲ್ಲಿ ತಾನೇ ಹೊಲಿದ ಬಿಳಿ ಅಂಗಿ, ಗುಂಡಿ ಇಲ್ಲದ್ದು, ಬರೀ ಕಟ್ಟುವ ದಾರ, ಎಳೆ ಚರ್ಮಕ್ಕೆ ಗುಂಡಿ ಒತ್ತಬಾರದೆಂದು — ಬಾಗಿಲು ತೆರೆದು ಬಂದ ನರ್ಸು ಯಾರ ಮುಖವನ್ನೂ ನೋಡಲಿಲ್ಲ. ಆ ಅಂಗಿ ಹಾಕಿಸಿಯೇ ಕೂಸನ್ನು ಮಣ್ಣಿಗೆ ಕಳಿಸಿದರು. ಆಮೇಲೆ ಎಲ್ಲ ತೆಗೆದರು, ಅವಳೇ ಮುಂದೆ ನಿಂತು ತೆಗೆಸಿದಳು, ತೊಟ್ಟಿಲು ಬೇರೆ ಮನೆಗೆ ಹೋಯಿತು, ಗೋಡೆಗೆ ಹಚ್ಚಿದ್ದ ಹಳದಿ ಬಣ್ಣದ ಮೇಲೆ ಬಿಳಿ ಬಳಿಸಿದರು, ಅಮ್ಮ ಫೋನಿನಲ್ಲಿ ಪಿಸುಗುಟ್ಟಿದಳು, ಆ ಹೆಸರು ಎತ್ತಬೇಡ ಕಣೇ ಅವಳ ಮುಂದೆ, ಮರೀಲಿ ಪಾಪ, ಮರೆತ್ರೆ ಬದುಕ್ತಾಳೆ, ಎಲ್ಲರೂ ಬಾಯಿ ಹೊಲಿದುಕೊಂಡರು. ತಂಗಿಯ ಮನೆಗೆ ಹೋಗುವಾಗಲೆಲ್ಲ ಅವಳು ಮೆಟ್ಟಿಲ ಮೇಲೆ ನಿಂತು ಬಟ್ಟೆ ಕೊಡವಿಕೊಳ್ಳುತ್ತಿದ್ದಳು, ತೋಳಿಗೆ ಅಂಟಿದ ಗುಲಾಬಿ ದಾರದ ಎಳೆ ಕೂಡ ಒಳಗೆ ಹೋಗಬಾರದೆಂದು, ಅಷ್ಟು ಎಚ್ಚರ, ಅಷ್ಟು ಜಾಣತನ, ಜಾಣತನಕ್ಕೆ ಬೆಂಕಿ ಬೀಳಲಿ — ಇತ್ತ ಯಂತ್ರ ವಾರ ವಾರವೂ ಕಳಿಸಿದೆ, ಬಟಾಣಿ ಈಗ ನಿನ್ನ ದನಿ ಗುರುತಿಸುತ್ತಿರಬೇಕು, ಬಟಾಣಿಯ ಕುತ್ತಿಗೆ ನಿಂತಿತಾ, ಬಟಾಣಿ ಮಗ್ಗುಲಾಯಿತು ಅಂದ್ರೆ ಇನ್ನು ಮಂಚದ ಮೇಲೆ ಒಂದನ್ನೇ ಬಿಡಬೇಡ, ಇಂತಿ, ಅಕ್ಕ, ಇಂತಿ, ಅಕ್ಕ. ಅಂಗಿ ಒಂದಳತೆ ದೊಡ್ಡದೇ ತಗೋ, ಬೆಳೆಯೋ ಕೂಸು. ಅಯ್ಯೋ ದೇವರೇ, ಅದನ್ನೂ ಓದಿದ್ದಾಳೆ, ಹನ್ನೊಂದು ಸಲ ಓದಿದ್ದಾಳೆ, ಪರದೆ ಹೇಳುತ್ತಿದೆ.

ಇವತ್ತು ಮಂಗಳವಾರ. ಹತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು, ಈ ವಾರದ್ದು ಯಾವುದು, ಗೋಡೆ ಹಿಡಿದು ನಿಲ್ಲುವುದು, ಬಟಾಣಿ ಗೋಡೆ ಹಿಡಿದು ನಿಲ್ಲೋಕೆ ನೋಡ್ತಿದೆಯಾ, ಬೀಳಲಿ ಬಿಡು, ಬಿದ್ದೇ ಕಲಿಯೋದು — ಬೇಡ, ಇದು ಹೋಗಬಾರದು, ಇದೊಂದಾದರೂ ಹೋಗಬಾರದು, ತಂಗಿಯ ಹೆಸರಿನ ಪಕ್ಕದಲ್ಲಿ ಮೂರು ಚುಕ್ಕೆ ಇತ್ತು, ಒತ್ತಿದಳು, ತೆಗೆದುಹಾಕಿ ಎಂದಿತ್ತು, ಒತ್ತಿದಳು, ಏನೋ ಕೆಂಪು ಚೌಕ ಬಂತು ಎರಡು ಸಾಲಿನದ್ದು, ಓದುವಷ್ಟು ಪುರುಸೊತ್ತು ಯಾರಿಗಿತ್ತು, ಹೌದು ಎಂದು ಒತ್ತಿದಳು, ಹಸಿರು ಪಟ್ಟಿ ಮಾಯವಾಯಿತು. ಉಸಿರು ಬಿಟ್ಟಳು. ಏನಾಯ್ತು ಅಮ್ಮಾವ್ರೇ, ಮುಖ ಯಾಕೆ ಹಾಗೆ ಬಿಳಿಚಿಕೊಂಡಿದೆ, ಎಂದಳು ಟೈಲರಮ್ಮ, ಏನಿಲ್ಲ, ನೀನು ಇಸ್ತ್ರಿ ನೋಡು. ಮೊದಲು ಅವನಿಗೆ ಹೇಳಬೇಕು, ತಂಗಿಯ ಗಂಡನಿಗೆ, ತಪ್ಪಾಯಿತು ಎನ್ನಬೇಕು, ಇಷ್ಟು ತಿಂಗಳು ಗಾಯದ ಮೇಲೆ ವಾರ ವಾರವೂ ಬೆರಳಾಡಿಸಿದೆ ಎನ್ನಬೇಕು, ಹೇಗೆ ಹೇಳುವುದು, ಗಂಟು ಮುಖದವನಲ್ಲ, ಆದರೂ. ಫೋನ್ ಎತ್ತಿದಾಗ ಅವನ ದನಿ ಬಾವಿಯಿಂದ ಬಂದ ಹಾಗಿತ್ತು, ಲಿಫ್ಟು ರಿಪೇರಿ ಮಾಡುವವನು, ಯಾವುದೋ ಕಟ್ಟಡದ ಗೂಡಿನೊಳಗೆ ನಿಂತಿದ್ದ.

ಹೇಳಿ ಅಕ್ಕ, ಅಂದ, ಅವಳು ಹೇಗಿದ್ದಾಳೆ ಎಂದಷ್ಟೇ ಕೇಳಿದಳು. ಇವತ್ತು ಪರವಾಗಿಲ್ಲ ಅಕ್ಕ, ಮಂಗಳವಾರ ಅಲ್ವಾ, ಮಂಗಳವಾರ ಒಂದಿನ ಎದ್ದು ಸ್ನಾನ ಮಾಡ್ತಾಳೆ, ತಲೆ ಬಾಚ್ಕೋತಾಳೆ, ಕಿಟಕಿ ಬಾಗಿಲು ತೆಗೀತಾಳೆ, ಮಿಕ್ಕ ದಿನ ಗೋಡೆ ಕಡೆ ತಿರುಗಿ ಮಲಗಿದ್ರೆ ಮುಗೀತು, ಕರೆದ್ರೂ ಓ ಅನ್ನಲ್ಲ. ಯಾಕೆ ಮಂಗಳವಾರ, ಎಂದು ಕೇಳಿದಳು. ನಂಗೂ ಗೊತ್ತಿಲ್ಲ ಅಕ್ಕ, ಕೇಳಿಯೂ ಇಲ್ಲ, ಕೇಳೋಕೆ ಹೋಗಿ ಅದೂ ನಿಂತುಬಿಟ್ರೆ ಅಂತ ಭಯ, ಆ ಒಂದು ದಿನ ನೋಡ್ಕೊಂಡು ಆರು ದಿನ ತಳ್ತೀನಿ ನಾನು. ಮೇಲೆಲ್ಲೋ ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು, ಇಡ್ತೀನಿ ಅಕ್ಕ, ಅಂದ. ಫೋನ್ ಕಿವಿಯಲ್ಲೇ ಇತ್ತು. ಮಂಗಳವಾರ — ಅವಳು ಹೋಗಿದ್ದಳಲ್ಲ ಒಂದು ಮಂಗಳವಾರ, ಹೋದ ತಿಂಗಳು, ಹತ್ತರ ಹೊತ್ತಿಗೆ, ಟೈಲರಮ್ಮನಿಗೆ ಅಂಗಡಿ ಬಿಟ್ಟು, ಊಟದ ಡಬ್ಬಿ ಕೊಟ್ಟುಬರಲು, ತಂಗಿ ಕಿಟಕಿಯ ಹತ್ತಿರ ಕೂತಿದ್ದಳು, ಬಾಚಿದ ತಲೆ, ಮಡಿಲಲ್ಲಿ ಫೋನು, ಹೆಬ್ಬೆರಳು ಗಾಜಿನ ಮೇಲೆ, ಮೇಲಿನಿಂದ ಕೆಳಕ್ಕೆ ಎಳೆಯುತ್ತಿತ್ತು, ಬಿಡುತ್ತಿತ್ತು, ಮತ್ತೆ ಎಳೆಯುತ್ತಿತ್ತು, ಹೊಸದು ಬಂತಾ ಎಂದು ನೋಡುವವರು ಮಾಡುವ ಹಾಗೆ, ಸದಾ ಈ ಫೋನು ಎಂದು ಇವಳು ಗೊಣಗಿಯೂ ಇದ್ದಳು. ಆಗ ತಂಗಿ ತಲೆ ಎತ್ತಿ ನಕ್ಕಳು, ಎಷ್ಟೋ ತಿಂಗಳ ಮೇಲೆ, ಇಬ್ಬರಿಗೇ ಗೊತ್ತಿರುವ ವಿಷಯಕ್ಕೆ ನಗುವ ಹಾಗೆ, ಬಂತು ಅಕ್ಕ, ಅಂದಳು, ಏನು ಬಂತು ಎಂದು ಇವಳು ಕೇಳಲಿಲ್ಲ, ನಲ್ಲಿಯಲ್ಲಿ ನೀರು ಬಂತೆಂದುಕೊಂಡು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದಳು.

ಮತ್ತೆ ಸೇರಿಸಬೇಕು, ಬೇಗ, ವಿಳಾಸ ಒತ್ತುವಾಗ ಬೆರಳು ತಪ್ಪಿತು, ಅಳಿಸಿದಳು, ಮತ್ತೆ ಒತ್ತಿದಳು, ಯಂತ್ರ ಸೇರಿಸಿಕೊಳ್ಳಲು ಸಿದ್ಧವಿತ್ತು, ಏನೂ ತಕರಾರಿಲ್ಲ, ಆದರೆ ಒಮ್ಮೆ ತೆಗೆದವರು ಮೊದಲನೆಯದರಿಂದಲೇ ಶುರುಮಾಡಬೇಕು ಎಂದಿತು, ಆ ಕೆಂಪು ಚೌಕದಲ್ಲಿ ಇದ್ದದ್ದು ಇದೇ, ಮೊದಲನೆಯದು ಯಾವುದು, ಅವಳಿಗೆ ಬಾಯಿಪಾಠ — ಬಟಾಣಿ ಬರೋಕೆ ಇನ್ನೇನು ಕೆಲವೇ ವಾರ, ಚೀಲ ಕಟ್ಟಿಟ್ಟುಕೊಂಡಿದೀಯಾ. ಬೇಡ. ಬೇಡ ಬೇಡ. ಹಾಗಾದರೆ ಕೈಯಾರೆ ಬರೆದರಾಯಿತು, ಅದೇನು ಮಹಾ, ಅಕ್ಕ ತಂಗಿಗೆ ಬರೆಯುವುದಕ್ಕೆ ಯಂತ್ರ ಯಾಕೆ, ಹೊಸ ಮೇಲ್ ತೆರೆದಳು, ಬಿಳಿ ಹಾಳೆ, ಬಟಾಣಿ ಎಂದು ಒತ್ತಬೇಕು, ಮೂರಕ್ಷರ, ಆಸ್ಪತ್ರೆಯ ಬೆಂಚಿನಿಂದ ಎದ್ದ ಮೇಲೆ ಒಂದೇ ಒಂದು ಸಲ ಆ ಹೆಸರು ಅವಳ ಬಾಯಿಂದ ಬಂದಿಲ್ಲ, ಮನಸ್ಸಿನಲ್ಲೂ ಕೂಸು ಎಂದೇ ಅಂದುಕೊಂಡಿದ್ದಾಳೆ, ಅದು ಎಂದಿದ್ದಾಳೆ, ಆ ವಿಷಯ ಎಂದಿದ್ದಾಳೆ. ಗೋಡೆ ಹಿಡಿದು ನಿಂತಳಾ ಎಂದು ಬರೆಯುವುದೇ, ತಿಳಿದೂ ತಿಳಿದೂ, ಯಂತ್ರಕ್ಕೆ ಗೊತ್ತಿರಲಿಲ್ಲ, ಅದು ಬರೆಯಬಹುದಿತ್ತು, ಅವಳಿಗೆ ಗೊತ್ತು, ಬರೆದರೆ ಹಸಿಸುಳ್ಳು, ತಂಗಿಯನ್ನು ಆ ಸುಳ್ಳಿನೊಳಗೇ ಕೂರಿಸಿ ಬಾಗಿಲು ಹಾಕಿದ ಹಾಗೆ, ಬರೆಯದಿದ್ದರೆ ಆ ಕಿಟಕಿ, ಬಾಚಿದ ತಲೆ, ಹೆಬ್ಬೆರಳು, ಎಲ್ಲ ಇವತ್ತಿಗೇ ನಿಂತಂತೆ. ಬ ಒತ್ತಿದಳು. ಅಳಿಸಿದಳು. ಟೈಲರಮ್ಮ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು, ಹತ್ತಾಯ್ತು ಅಮ್ಮಾವ್ರೇ, ಬಾಗಿಲು ತೆಗೀಲಾ, ಎಂದಳು, ಅವಳು ತಲೆಯಾಡಿಸಿದಳೋ ಇಲ್ಲವೋ, ಹತ್ತಾಗಿ ಹೋಗಿತ್ತು, ಬೀದಿಯ ಬೆಳಕು ಒಳಗೆ ಬಂತು, ಯಾರೋ ಬಸುರಿ ಗಾಜಿನ ಕಪಾಟಿನ ಮುಂದೆ ನಿಂತಳು, ಮೇಜಿನ ಮೇಲೆ ಫೋನು ಒಮ್ಮೆ ನಡುಗಿತು — ತಂಗಿ. ಅಕ್ಕ, ಇವತ್ತು ನೀನು ಬರೀಲಿಲ್ಲ. ಹುಷಾರಾಗಿದೀಯಾ? ಎಲ್ರೂ ಅವಳು ಇರಲೇ ಇಲ್ಲ ಅನ್ನೋ ಹಾಗೆ ಮಾಡ್ತಾರೆ, ಬಟಾಣಿ ಅನ್ನೋಳು ನೀನೊಬ್ಳೇ. ನಿಧಾನಕ್ಕೆ ಬರಿ, ನಾನು ಇಲ್ಲೇ ಕೂತಿರ್ತೀನಿ. ಓದಿದಳು, ನೀನು ಎಂದಿದೆ, ನೀನು ಬರೀಲಿಲ್ಲ ಎಂದಿದೆ, ನಾನಲ್ಲ ಕಣೇ, ನಾನು ಬಟ್ಟೆ ಕೊಡವಿಕೊಂಡು ಒಳಗೆ ಬರುತ್ತಿದ್ದವಳು, ಪಾತ್ರೆ ತೊಳೆದು ಹೋದವಳು, ನಾನಲ್ಲ — ಬೆರಳು ಅಕ್ಷರಗಳ ಮೇಲೆ ನಿಂತಿತು, ಮುಂದೆ ಹೋಗಲಿಲ್ಲ, ಅಲ್ಲಿ ಕಿಟಕಿಯ ಹತ್ತಿರ ಹೆಬ್ಬೆರಳು ಗಾಜನ್ನು ಕೆಳಕ್ಕೆ ಎಳೆಯುತ್ತದೆ, ಬಿಡುತ್ತದೆ, ಎಳೆಯುತ್ತದೆ, ಬಿಡುತ್ತದೆ, ಎಳೆಯುತ್ತದೆ