ಹಸಿರು ಕಾರಿನ ಬಿಸಿಗಾಳಿ

ಪತ್ರಿಕೆಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಎಕ್ಸ್‌ರೇ ಎಂದೇ ಕರೆಯುತ್ತಿದ್ದರು. ರೇಸ್ ಕಾರಿನ ಮೈಮೇಲಿನ ಹೊದಿಕೆ ತೆಗೆದರೆ ಒಳಗೆ ಏನೇನು ಎಲ್ಲೆಲ್ಲಿರುತ್ತದೆ ಎಂದು ಚಿತ್ರ ಬರೆದು ತೋರಿಸುವುದು ಅವಳ ಕೆಲಸ. ಕಾರು ಕಟ್ಟುವ ತಂಡಗಳು ಒಳಗಿನದನ್ನು ಯಾರಿಗೂ ತೋರಿಸುವುದಿಲ್ಲ. ತೋರಿಸಿದರೆ ಮುಂದಿನ ರೇಸಿಗೆ ಎಲ್ಲರ ಕಾರಿನಲ್ಲೂ ಅದೇ ಇರುತ್ತದೆ. ಹಾಗಾಗಿ ಅವಳ ಚಿತ್ರಗಳಲ್ಲಿ ಕಣ್ಣಾರೆ ಕಂಡದ್ದು ಸ್ವಲ್ಪ, ಊಹಿಸಿದ್ದು ಬಹಳ. ಕಂಡದ್ದಕ್ಕೆ ಗಟ್ಟಿ ಗೆರೆ, ಊಹೆಗೆ ಚುಕ್ಕಿ ಗೆರೆ ಎಂಬುದು ಅವಳೇ ಹಾಕಿಕೊಂಡ ಕಟ್ಟಳೆ. ಓದುಗರು ಗಟ್ಟಿ ಗೆರೆಗಳನ್ನು ದಾಟಿ ನೇರವಾಗಿ ಚುಕ್ಕಿ ಗೆರೆಗಳಿಗೇ ಹೋಗುತ್ತಿದ್ದರು ಎಂಬುದು ಬೇರೆ ಮಾತು.

ಆ ವರ್ಷ ಎಲ್ಲರ ಬಾಯಲ್ಲೂ ಹಸಿರು ಕಾರಿನದೇ ಸುದ್ದಿ. ಹಿಂದಿನ ವರ್ಷದ ತನಕ ಕೊನೆಯ ಸಾಲಿನಲ್ಲಿ ತೆವಳುತ್ತಿದ್ದ ತಂಡ ಅದು. ಬೇಸಗೆ ಏರುತ್ತಿದ್ದ ಹಾಗೆ ಬೇರೆಯವರ ಎಂಜಿನ್‌ಗಳು ಕಾದು ಕೈಕೊಡತೊಡಗಿದವು. ಇದೊಂದು ಮಾತ್ರ ತನಗೂ ಬಿಸಿಲಿಗೂ ಸಂಬಂಧವೇ ಇಲ್ಲ ಎನ್ನುವ ಹಾಗೆ ಓಡುತ್ತಿತ್ತು. ವಿಚಿತ್ರವೆಂದರೆ ಗಾಳಿ ಒಳಗೆ ಹೋಗಲೆಂದು ಅದರ ಪಕ್ಕೆಗಳಲ್ಲಿ ಇಟ್ಟಿದ್ದ ಬಾಯಿಗಳು ಅಂಚೆ ಡಬ್ಬದ ಸೀಳಿನಷ್ಟು ಕಿರಿದಾಗಿದ್ದವು. ಬಾಯಿ ದೊಡ್ಡದಿದ್ದರೆ ಎಂಜಿನ್ ತಣ್ಣಗಿರುತ್ತದೆ, ಆದರೆ ಎದುರುಗಾಳಿ ಕಾರನ್ನು ಹಿಡಿದೆಳೆಯುತ್ತದೆ. ಬಾಯಿ ಚಿಕ್ಕದಿದ್ದರೆ ವೇಗ ಸಿಗುತ್ತದೆ, ಎಂಜಿನ್ ಕಾಯುತ್ತದೆ. ವೇಗವೂ ಬೇಕು, ತಂಪೂ ಬೇಕು ಎಂದರೆ ಎಲ್ಲೋ ಏನೋ ಮುಚ್ಚಿಟ್ಟಿರಲೇಬೇಕು. ಚಾಲಕನ ಸೀಟಿನ ಕೆಳಗೆ ಮಂಜುಗಡ್ಡೆ ಇದೆ ಎಂದು ಒಬ್ಬರು ಹೇಳಿದರು. ಪಕ್ಕದ ಕನ್ನಡಿಗಳೇ ಟೊಳ್ಳು, ಗಾಳಿ ಅಲ್ಲಿಂದ ನುಗ್ಗುತ್ತದೆ ಎಂದು ಇನ್ನೊಬ್ಬರು. ಕಚೇರಿಯ ಚಹಾ ಯಂತ್ರದ ಮುಂದೆ ಲೋಟ ಹಿಡಿದು ನಿಂತವರೆಲ್ಲ ಎಂಜಿನಿಯರುಗಳಾಗಿಬಿಟ್ಟಿದ್ದರು.

"ನಡುವಿನ ಎರಡು ಪುಟ ಖಾಲಿ ಬಿಟ್ಟಿದ್ದೀನಿ," ಎಂದರು ಸಂಪಾದಕರು. "ಒಳಗೇನಿದೆ ಅಂತ ನೀವೇ ಹೇಳ್ಬೇಕು."

"ನನಗೇನು ಕನಸು ಬೀಳತ್ತಾ ಸರ್?"

"ಬಿದ್ರೂ ಪರವಾಗಿಲ್ಲ, ಕೆಳಗೆ ಊಹೆ ಅಂತ ಹಾಕೋಣ." ಸಂಪಾದಕರು ಕನ್ನಡಕ ಒರೆಸಿಕೊಳ್ಳುತ್ತ, ಯಾವುದೋ ಮರೆತ ಮಾತು ನೆನಪಾದವರಂತೆ ಸೇರಿಸಿದರು. "ನಿಮ್ಮ ತಮ್ಮ ಅಲ್ಲೇ ಕೆಲಸ ಮಾಡ್ತಾರಲ್ವಾ?"

"ನಮ್ಮನೇಲಿ ಆ ಮಾತು ಎತ್ತಲ್ಲ ಸರ್."

ಅದು ನಿಜವೇ ಆಗಿತ್ತು. ತಮ್ಮ ಹಸಿರು ತಂಡದ ಮೆಕ್ಯಾನಿಕ್. ಕಾರಿನ ಹಿಂಭಾಗ, ಎಂದರೆ ಗೇರ್‌ಬಾಕ್ಸು ಮತ್ತು ಓಡುವಾಗ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ಹಿಂದಿನ ರೆಕ್ಕೆ, ಅವನ ಸುಪರ್ದಿ. ಆ ಕೆಲಸ ಸಿಕ್ಕಿದ ದಿನವೇ ಅಕ್ಕ ತಮ್ಮ ಇಬ್ಬರೂ ಕೂತು ಒಂದು ಒಪ್ಪಂದ ಮಾಡಿಕೊಂಡಿದ್ದರು: ಕೆಲಸದ ಮಾತು ಚಪ್ಪಲಿಯ ಜೊತೆ ಬಾಗಿಲ ಹೊರಗೇ ಇರಬೇಕು. ರಜೆಯ ದಿನ ಅವನು ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದ. ಅಮ್ಮ ಅಕ್ಕನ ಜೊತೆಯಲ್ಲೇ ಇದ್ದಳು. ಮೂವರೂ ಬಾಡಿಗೆ, ಹಲ್ಲುನೋವು, ಮೇಲಿನ ಮನೆಯವರ ನಾಯಿ ಎಂದು ಹರಟುತ್ತಿದ್ದರು. ಇಷ್ಟು ವರ್ಷಗಳಲ್ಲಿ ಯಾರೂ ಮಾತು ತಪ್ಪಿರಲಿಲ್ಲ.

ಎಕ್ಸ್‌ರೇ ಎರಡು ದಿನ ಟ್ರ್ಯಾಕಿನಲ್ಲೇ ಕಳೆದಳು. ಬೇಲಿಗೆ ಆತು ನಿಂತಳು, ಕಾರುಗಳು ಚಕ್ರ ಬದಲಿಸಲು ಬಂದು ನಿಲ್ಲುವ ಪಿಟ್ ಗಲ್ಲಿಯಲ್ಲಿ ಅಡ್ಡಾಡಿದಳು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಫೋಟೋ ತೆಗೆದಳು. ಹಸಿರು ಕಾರು ಬಂದು ನಿಲ್ಲುತ್ತಿದ್ದ ಹಾಗೆ ತಂಡದವರು ಪರದೆ ಹಿಡಿಯುತ್ತಿದ್ದರು. ತಮ್ಮನ ಬೆನ್ನು ಮಾತ್ರ ಒಮ್ಮೆ ಕಂಡಿತು. ಮನೆಗೆ ಬಂದು ಫೋಟೋಗಳನ್ನು ದೊಡ್ಡದು ಮಾಡಿ ನೋಡಿದಾಗ, ಹಿಂದಿನ ರೆಕ್ಕೆಯನ್ನು ಹೊತ್ತು ನಿಂತ ಎರಡು ಬಿಳಿ ಕಂಬಗಳಲ್ಲಿ ಒಂದರ ತಲೆಯ ಹತ್ತಿರ ಹಳದಿಯ ಕಲೆಯೊಂದು ಕಣ್ಣಿಗೆ ಬಿತ್ತು. ಬಿಳಿ ಬಣ್ಣ ಬಿಸಿಗೆ ಹಳದಿಯಾಗುತ್ತದೆ. ಕಂಬ ಟೊಳ್ಳಾಗಿದ್ದರೆ? ಓಡುವಾಗ ರೆಕ್ಕೆಯ ಅಡಿಯಲ್ಲಿ ಗಾಳಿಯ ಒತ್ತಡ ಕುಸಿದು ಅದು ಸುತ್ತಲಿನದನ್ನೆಲ್ಲ ಹೀರುತ್ತದೆ. ಎಂಜಿನ್ನಿನ ಬಿಸಿಗಾಳಿಯನ್ನು ಕಂಬದೊಳಗಿಂದ ಅಲ್ಲಿಗೆ ಬಿಟ್ಟರೆ ಚಿಮಣಿಯ ಹಾಗೆ ಎಳೆದು ಹೊರಹಾಕುತ್ತದೆ. ಹೋಗುವ ದಾರಿ ಅಷ್ಟು ಸಲೀಸಾಗಿದ್ದರೆ ಬರುವ ಬಾಗಿಲು ಕಿರಿದಾದರೂ ನಡೆಯುತ್ತದೆ.

ಊಹೆ ಚೆನ್ನಾಗಿತ್ತು. ಆದರೆ ಅಷ್ಟೇ ಚೆನ್ನಾದ ಬೇರೆ ಊಹೆಗಳೂ ಅವಳ ಬಳಿ ಇದ್ದವು. ಬಿಸಿಗಾಳಿ ಹಿಂಚಕ್ರದ ಬ್ರೇಕಿನ ಕೊಳವೆಯಿಂದ ಹೋಗಬಹುದು, ಕಾರಿನ ನೆಲಹಲಗೆಯ ಅಂಚಿನ ಸೀಳಿನಿಂದ ಹೋಗಬಹುದು, ಹೀಗೆ. ಕಲೆ ಎಂದರೆ ಏನಾದರೂ ಆಗಿರಬಹುದು.

ಆ ವಾರ ತಮ್ಮ ಊಟಕ್ಕೆ ಬಂದ. ಸೆಕೆ ಎಂದು ತೋಳು ಮಡಚಿಕೊಂಡು ಕೂತ. ಅಮ್ಮ ಬಟ್ಟಲು ಮುಂದೆ ಮಾಡಿದವಳು ಅವನ ಕೈ ಹಿಡಿದು ತಿರುಗಿಸಿದಳು. ಮೊಣಕೈಯ ಕೆಳಗೆ, ಒಳಭಾಗದಲ್ಲಿ, ಬಾಚಣಿಗೆಯ ಹಲ್ಲು ಒತ್ತಿದ ಹಾಗೆ ಒತ್ತೊತ್ತಾಗಿ ಸುಟ್ಟ ಗೆರೆಗಳಿದ್ದವು.

"ಏನೋ ಇದು?"

"ಒವನ್ನಿನ ತಂತಿ ತಗುಲ್ತಮ್ಮ."

"ಏನಾದ್ರೂ ಹಚ್ಕೊಂಡ್ಯಾ?"

"ಹ್ಞೂಂ."

ಅವನ ಬಾಡಿಗೆ ಕೋಣೆಯಲ್ಲಿ ಇದ್ದದ್ದು ಒಂದು ಕೆಟಲು ಮಾತ್ರ. ಅಕ್ಕನಿಗೆ ಅದು ಗೊತ್ತಿತ್ತು. ಆ ಕೆಟಲು ಕೊಡಿಸಿದವಳೇ ಅವಳು. ನೀರು ತರುತ್ತೇನೆಂದು ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಕಪಾಟಿನ ಮುಂದೆ ನಿಂತು, ಅದನ್ನೇ ರೆಕ್ಕೆ ಎಂದುಕೊಂಡು, ಕೆಳಗಿನಿಂದ ಕೈ ತೂರಿಸಿ ಬೋಲ್ಟು ಬಿಚ್ಚುವವನ ಹಾಗೆ ಮಾಡಿ ನೋಡಿದಳು. ಕಂಬದ ತಲೆಯಲ್ಲಿ ಜಾಲರಿಯ ಬಾಯಿ ಇದ್ದರೆ ಅದು ತಗುಲುವುದು ಮೊಣಕೈಯ ಕೆಳಗೆ, ಒಳಭಾಗಕ್ಕೇ. ಬೇರೆ ಊಹೆಗಳೆಲ್ಲ ಅಲ್ಲೇ ಉದುರಿಹೋದವು.

ನೀರಿನ ಜಗ್ಗು ತಂದಿಟ್ಟು ಕೂತಳು. ಅಮ್ಮ ಮಲಗಲು ಹೋದ ಮೇಲೆ ಮಾತು ತೆಗೆದಳು.

"ನಾನು ಏನೂ ಕೇಳ್ತಾ ಇಲ್ಲ. ನಿನಗೆ ಮುಂಚೆ ಗೊತ್ತಿರಲಿ ಅಂತ ಹೇಳ್ತಾ ಇದ್ದೀನಿ. ಈ ಸಲ ನಿಮ್ಮ ಕಾರು ಬರೀತಿದ್ದೀನಿ. ಹಿಂದಿನ ರೆಕ್ಕೆಯ ಕಂಬ."

ತಮ್ಮ ತಟ್ಟೆಯಲ್ಲಿ ಉಳಿದಿದ್ದ ಆಲೂಗಡ್ಡೆಯ ಚೂರನ್ನು ಚಮಚದಿಂದ ಅತ್ತಿತ್ತ ತಳ್ಳಿದ. "ಬರೀಬೇಡ ಅಂತ ನಾನು ಅಂದ್ರೆ ಅದೇ ನಿನಗೆ ಉತ್ತರ ಆಗತ್ತೆ."

"ಹೌದು."

"ಬರಿ ಅಂದ್ರೂ ಉತ್ತರಾನೇ."

"ಹೌದು."

"ಮತ್ತೆ ಯಾಕೆ ಹೇಳಿದೆ ಅಕ್ಕ?"

ಅವನು ತಟ್ಟೆ ತೊಳೆದಿಟ್ಟು, ಹೊರಟೆ ಅಂತ ಅಮ್ಮನಿಗೆ ಹೇಳಿಬಿಡು ಎಂದು ಹೊರಟುಹೋದ.

ಅವಳು ತನ್ನೊಳಗೇ ವಾದ ಹೂಡಿದಳು. ಹಳದಿ ಕಲೆ ಕಂಡದ್ದು ಮೊದಲು, ತಮ್ಮನ ಕೈ ಕಂಡದ್ದು ಆಮೇಲೆ. ಕಲೆ ಬೇಲಿಯ ಈಚೆ ನಿಂತ ಯಾರಿಗಾದರೂ ಕಾಣುವಂಥದ್ದು. ಅದನ್ನೇ ದೊಡ್ಡದಾಗಿ ಅಚ್ಚು ಹಾಕಿ, ಇಗೋ ಇದರಿಂದ ಹೀಗೆ ಊಹಿಸಿದೆ ಎಂದು ಬರೆದರೆ ತಮ್ಮನ ಕಡೆ ಯಾರೂ ಬೊಟ್ಟು ಮಾಡಲಾರರು. ವಾದ ಅವಳಿಗೇ ಒಪ್ಪಿಗೆಯಾಯಿತು. ಚಿತ್ರ ಬರೆದಳು; ಅಷ್ಟು ಚೆನ್ನಾದದ್ದನ್ನು ಆ ವರ್ಷ ಬರೆದಿರಲಿಲ್ಲ. ಸಂಪಾದಕರು ಅದನ್ನು ಮುಖಪುಟದಲ್ಲೂ ಹಾಕಿದರು.

ಪತ್ರಿಕೆ ಹೊರಬಿದ್ದ ವಾರವೇ ತಮ್ಮನನ್ನು ಕಾರಿನ ಬಳಿಯಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ಅದನ್ನು ಅವನು ಹೇಳಲಿಲ್ಲ; ರಜೆಯ ದಿನ ಬರಲೂ ಇಲ್ಲ. ಟ್ರ್ಯಾಕಿನಲ್ಲಿ ಅವನ ಜಾಗದಲ್ಲಿ ಬೇರೆ ಯಾರೋ ಬಗ್ಗಿ ನಿಂತದ್ದನ್ನು ಕಂಡು ಅವಳೇ ತಿಳಿದುಕೊಂಡಳು. ಅಮ್ಮ ಕೇಳಿದಾಗ ಕೆಲಸ ಜಾಸ್ತಿಯಂತೆ ಎಂದಳು.

ಎರಡನೆಯ ಸಲ ಅವನು ಬರದೇ ಹೋದಾಗ ಹಸಿರು ತಂಡಕ್ಕೆ ತಾನೇ ಫೋನ್ ಮಾಡಿ, ಕಾರಿನ ಮುಖ್ಯ ವಿನ್ಯಾಸಕಿಯನ್ನು ನೋಡಬೇಕು ಎಂದಳು. ಸಿಗಲಾರದು ಎಂದುಕೊಂಡಿದ್ದ ಅನುಮತಿ ಕೂಡಲೇ ಸಿಕ್ಕಿತು.

ವಿನ್ಯಾಸಕಿ ನರೆತ ಕೂದಲನ್ನು ಪೆನ್ಸಿಲ್ ಸಿಕ್ಕಿಸಿ ಗಂಟು ಹಾಕಿಕೊಂಡಿದ್ದ ಹೆಂಗಸು. ಕೋಣೆಯಲ್ಲಿ ಮೇಜು, ಎರಡು ಕುರ್ಚಿ, ಗಾಜಿನಾಚೆ ಕಾರು ಕಟ್ಟುವ ಕಾರ್ಯಾಗಾರ. ಮೇಜಿನ ಮೇಲೆ ಪತ್ರಿಕೆ ಬಿಚ್ಚಿಟ್ಟಿತ್ತು.

"ನಮ್ಮ ತಮ್ಮ ನನಗೆ ಏನೂ ಹೇಳಿಲ್ಲ ಮೇಡಂ. ಈ ಹಳದಿ ಕಲೆ ನೋಡಿ ನಾನೇ ಕಂಡುಹಿಡಿದದ್ದು. ಅಲ್ಲೇ ಬರೆದಿದ್ದೀನಿ."

"ಓದಿದೆ." ವಿನ್ಯಾಸಕಿ ಕಲೆಯ ಮೇಲೆ ಬೆರಳಿಟ್ಟರು. "ಇದು ಅಂಟು. ಕಾರನ್ನ ಲಾರಿಗೆ ಹತ್ತಿಸುವಾಗ ರೆಕ್ಕೆಗೆ ಟೇಪ್ ಸುತ್ತುತ್ತೀವಿ. ಕಿತ್ತಾಗ ಅಂಟು ಉಳಿಯತ್ತೆ, ಧೂಳು ಹಿಡಿದು ಹಳದಿ ಆಗತ್ತೆ. ಕಂಬದ ಒಳಗೆಲ್ಲ ಬಿಸಿ ತಡೆಯೋ ತಗಡಿನ ಹಾಳೆ ಹಾಕಿದ್ದೀವಿ, ಹೊರಗಿನ ಬಣ್ಣಕ್ಕೆ ಬಿಸಿ ತಾಗೋದೇ ಇಲ್ಲ."

ಎಕ್ಸ್‌ರೇ ಪತ್ರಿಕೆಯನ್ನು ತನ್ನತ್ತ ತಿರುಗಿಸಿಕೊಂಡಳು.

"ನಿಮ್ಮ ಚಿತ್ರಗಳನ್ನ ನಾನು ಬಹಳ ವರ್ಷದಿಂದ ನೋಡ್ತೀನಿ," ಎಂದರು ವಿನ್ಯಾಸಕಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಊಹೆಗೆ ಚುಕ್ಕಿ ಗೆರೆ ಹಾಕ್ತೀರಿ. ಇಲ್ಲಿ ಕಂಬದ ಒಳಗಿನ ದಾರಿ, ತುದಿಯ ಜಾಲರಿ, ಎರಡಕ್ಕೂ ಗಟ್ಟಿ ಗೆರೆ ಇದೆ. ಬರೀ ಅಂಟಿನ ಕಲೆ ನೋಡಿ ಇಷ್ಟು ಗಟ್ಟಿ ಗೆರೆ ಬರಲ್ಲ."

ಅವಳು ಚಿತ್ರವನ್ನು ನೋಡಿದಳು. ಹೌದು. ಕೈ ತನ್ನಷ್ಟಕ್ಕೆ ತಾನು ಎಳೆದುಬಿಟ್ಟಿತ್ತು. ಅವಳು ಗಮನಿಸಿಯೇ ಇರಲಿಲ್ಲ. ಸುಮ್ಮನಿದ್ದರೆ ತಮ್ಮ ಕಳ್ಳನಾಗುತ್ತಾನೆ. ನಿಜ ಹೇಳಿದರೆ ತಾನು ಏನಾಗುತ್ತೇನೆ ಎಂದು ಒಂದು ಕ್ಷಣ ಲೆಕ್ಕ ಹಾಕಲು ಹೊರಟು, ಬಿಟ್ಟುಬಿಟ್ಟಳು.

"ಅವನ ಕೈ ನೋಡಿದೆ," ಎಂದಳು. "ಊಟಕ್ಕೆ ಬಂದಿದ್ದ. ತೋಳಿನ ಮೇಲೆ ಸುಟ್ಟ ಗೆರೆ ಇತ್ತು. ಒವನ್ ತಾಗ್ತು ಅಂದ. ಅವನ ಹತ್ರ ಒವನ್ ಇಲ್ಲ."

ವಿನ್ಯಾಸಕಿ ಫೋನೆತ್ತಿ ಅವಳ ತಮ್ಮನನ್ನು ಕರೆಸಿದರು. ಉಗ್ರಾಣದ ಧೂಳು ಮೆತ್ತಿದ ಅಂಗಿಯಲ್ಲಿ ಬಂದವನು ಅಕ್ಕನನ್ನು ಕಂಡು ಬಾಗಿಲಲ್ಲೇ ನಿಂತ. ವಿನ್ಯಾಸಕಿ ಕೈ ತೋರಿಸಲು ಹೇಳಿದರು. ಅವನು ಗುಂಡಿ ಬಿಚ್ಚಿ ತೋಳು ಮೇಲೆ ಸರಿಸಿದ. ಗೆರೆಗಳು ಮಾಸಿ ಕಂದಾಗಿದ್ದವು, ಆದರೂ ಎಣಿಸುವ ಹಾಗಿದ್ದವು.

"ಆಗಲಿ, ನಾಳೆಯಿಂದ ಕಾರಿನ ಹತ್ರ ಹೋಗಿ," ಎಂದರು ವಿನ್ಯಾಸಕಿ. "ಕೈ ಸುಟ್ಟಾಗ ನಮಗೆ ಯಾಕೆ ಹೇಳಲಿಲ್ಲ?"

"ದೊಡ್ಡದೇನಲ್ಲ ಅಂತ ಮೇಡಂ."

ಹೊರಗೆ ಉದ್ದನೆಯ ಹಜಾರದಲ್ಲಿ ಅಕ್ಕ ತಮ್ಮ ಜೊತೆಯಲ್ಲೇ ನಡೆದರು. ಬಾಗಿಲು ಹತ್ತಿರವಾದಾಗ ಅವನು ನಿಂತ.

"ಫೋಟೋ ನೋಡಿ ಕಂಡುಹಿಡಿದೆ ಅಂತ ಅಂದ್ಕೊಂಡಿದ್ದೆ. ಉಗ್ರಾಣದಲ್ಲಿ ಕೂತಾಗಲೂ, ನಮ್ಮಕ್ಕನ ಕಣ್ಣು ಅಂದ್ರೆ ಕಣ್ಣು ಅಂತ ಇದ್ದೆ. ನೀನು ನೋಡ್ತಾ ಇದ್ದದ್ದು ನನ್ನ ಕೈಯಾ?"

"ಕಣ್ಣಿಗೆ ಬಿತ್ತು ಕಣೋ."

"ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೀಬೇಕಾ?"

"ಬೇಕಿರಲಿಲ್ಲ."

"ಅಮ್ಮ ಅದನ್ನ ನೋಡಿ, ಹಚ್ಚಿಕೊಂಡ್ಯಾ ಅಂತ ಕೇಳಿದ್ಲು. ನೀನು ನೀರು ತರಕ್ಕೆ ಹೋದೆ."

ಅಷ್ಟು ಹೇಳಿ ಅವನು ಉಗ್ರಾಣದ ಕಡೆ ತಿರುಗಿದ. ಅವಳು ಬಸ್ಸಿನಲ್ಲಿ ಕೂತು, ತನ್ನ ನಿಲ್ದಾಣ ದಾಟಿದ ಮೇಲೆ ಎಚ್ಚೆತ್ತು, ಇಳಿದು ಹಿಂದಕ್ಕೆ ನಡೆದಳು.

ಮರುದಿನ ಸಂಪಾದಕರಿಗೆ ಹೇಳಿದಳು: ತಮ್ಮ ಅಲ್ಲಿರುವ ತನಕ ಹಸಿರು ಕಾರಿನ ಚಿತ್ರ ತಾನು ಬರೆಯುವುದಿಲ್ಲ. ಹಳದಿ ಕಲೆಯ ವಿಚಾರ ತಪ್ಪೆಂದು ಒಂದು ಸಾಲು ಅಚ್ಚಾಗಬೇಕು. ಸಂಪಾದಕರು ಎರಡಕ್ಕೂ ಗೊಣಗಿದರು. ಓದುಗರು ಎಂದೂ ಬಿಡಿಸಿ ನೋಡದ ಪುಟದಲ್ಲಿ ಆ ಸಾಲು ಬಂತು. ಅಷ್ಟರಲ್ಲಿ ಬೇರೆ ತಂಡಗಳು ಟೊಳ್ಳು ಕಂಬಗಳನ್ನು ಕಟ್ಟಲು ಶುರು ಮಾಡಿಯಾಗಿತ್ತು. ಒಂದು ತಂಡ ಅವಸರದಲ್ಲಿ ಕಟ್ಟಿದ್ದರಿಂದ, ಓಡುವಾಗಲೇ ಅದರ ಕಾರಿನ ರೆಕ್ಕೆ ಕಳಚಿಹೋಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಆ ನಂತರ ನಿಯಮ ಮಾಡುವವರು ಕಂಬಗಳು ಟೊಳ್ಳಾಗಿರದೆ ಗಟ್ಟಿಯಾಗಿಯೇ ಇರಬೇಕೆಂದು ಆಜ್ಞೆ ಹೊರಡಿಸಿದರು. ಹಸಿರು ಕಾರು ಮತ್ತೆ ದೊಡ್ಡ ಬಾಯಿ ತೆರೆದುಕೊಂಡು ನಡುಸಾಲಿಗೆ ಇಳಿಯಿತು.

ತಮ್ಮ ಚಳಿ ಶುರುವಾದ ಮೇಲೆ ಒಂದು ದಿನ, ಹೇಳದೆ ಕೇಳದೆ, ಊಟದ ಹೊತ್ತಿಗೆ ಬಂದ. ಅಮ್ಮ ಅವನು ಇಳಿದುಹೋಗಿದ್ದಾನೆ ಎಂದಳು, ಅವನು ಇಲ್ಲ ಎಂದ. ಅಕ್ಕ ಬಡಿಸಿದಳು. ಮೇಲಿನ ಮನೆಯ ನಾಯಿ ಮರಿ ಹಾಕಿದ್ದನ್ನು ಅಮ್ಮ ವಿವರವಾಗಿ ಹೇಳಿದಳು. ಊಟವಾದ ಮೇಲೆ ಅವನು ಕಿಟಕಿಯ ಬಳಿ ಕೂತು ಆ ವಾರದ ಪತ್ರಿಕೆ ತಿರುವಿದ. ನಡುವಿನ ಎರಡು ಪುಟಗಳಲ್ಲಿ ಬೇರೊಂದು ತಂಡದ ಕೆಂಪು ಕಾರಿತ್ತು. ಬಹಳ ಹೊತ್ತು ನೋಡಿದ.

"ತಪ್ಪಿದೆ," ಎಂದ.

"ಎಲ್ಲಿ?" ಎಂದವಳು ಕೂಡಲೇ ಸುಧಾರಿಸಿಕೊಂಡಳು. "ಬೇಡ, ಹೇಳ್ಬೇಡ."

"ಹೇಳ್ತೀನಿ ಅಂತ ಯಾರು ಅಂದ್ರು?" ಎಂದು ಅವನು ಪುಟ ತಿರುವಿದ.